ಹುಬ್ಬೆ ಮಳೆ, ಹುಬ್ಬೆ ನಕ್ಷತ್ರ: ಕನ್ನಡ ನಕ್ಷತ್ರನಾಮಗಳ ಚರಿತ್ರೆಯ ಕೆಲವು ಪದರಗಳು

1. ಪೀಠಿಕೆ

ಆಗಸ್ಟ್ ತಿಂಗಳ ಕೊನೆಯಲ್ಲಿ ಮೈಸೂರು ಸೀಮೆಯ ರೈತರು ಹುಬ್ಬೆ ಮಳೆಯ ಮಾತನ್ನಾಡುತ್ತಾರೆ. ಆ ಹದಿಮೂರು ಹದಿನಾಲ್ಕು ದಿನಗಳಲ್ಲಿ ಆಕಾಶ ಎಷ್ಟೇ ನಿರ್ಮಲವಾಗಿದ್ದರೂ ಹುಬ್ಬೆ ನಕ್ಷತ್ರವನ್ನು ಯಾರೂ ಕಾಣಲಾರರು. ಸೂರ್ಯನು ಆ ನಕ್ಷತ್ರದ ಭಾಗದಲ್ಲಿ ಸಂಚರಿಸುತ್ತಿರುವುದರಿಂದಲೇ ಮಳೆಗೆ ಆ ಹೆಸರು ಬಂದಿದೆ; ಅದೇ ಕಾರಣದಿಂದ ನಕ್ಷತ್ರವು ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಹೆಸರು ನಾಲಗೆಯ ಮೇಲಿರುವಾಗ ವಸ್ತು ಕಣ್ಣಿಗೆ ಬೀಳುವುದಿಲ್ಲ. ವಸ್ತುವು ಮಾರ್ಚ್–ಏಪ್ರಿಲ್ ತಿಂಗಳ ಇರುಳಿನಲ್ಲಿ ನೆತ್ತಿಯ ಮೇಲೆ ಹೊಳೆಯುವಾಗ ಆ ಹೆಸರನ್ನು ಯಾರೂ ಎತ್ತುವುದಿಲ್ಲ.

ಈ ವೈಚಿತ್ರ್ಯವೇ ಪ್ರಸ್ತುತ ಲೇಖನದ ವಿಷಯ. ಕನ್ನಡದಲ್ಲಿ ನಕ್ಷತ್ರನಾಮಗಳು ಅಳಿದುಹೋಗಿವೆಯೆಂದು ಹೇಳುವುದುಂಟು. ಹೆಸರುಗಳು ಅಳಿದಿಲ್ಲ, ಅವುಗಳ ನಿರ್ದೇಶ ಬದಲಾಗಿದೆ ಎಂಬುದು ಇಲ್ಲಿಯ ವಾದ. ಆಕಾಶದ ಒಂದು ಬಿಂದುವನ್ನು ತೋರಿಸುತ್ತಿದ್ದ ಪದವು ಪಂಚಾಂಗದ ಒಂದು ಕಾಲಖಂಡವನ್ನು ತೋರಿಸತೊಡಗಿತು. ಇಪ್ಪತ್ತನೆಯ ಶತಮಾನದಲ್ಲಿ ಮೈಸೂರಿನ ವಿದ್ವಾಂಸರು ಹೆಸರನ್ನೂ ನೋಟವನ್ನೂ ಮತ್ತೆ ಜೋಡಿಸಲು ಯತ್ನಿಸಿದರು. ಆದರೆ ಆ ಜೋಡಣೆ ನಡೆದದ್ದು ಬಹುಮಟ್ಟಿಗೆ ಶಿಷ್ಟ ಪದಗಳ ಮೂಲಕ. ಆಡುಮಾತಿನ ಹೆಸರುಗಳು ಅದರ ಹೊರಗೇ ಉಳಿದವು.

2. ದೇಶ್ಯ ಪದರ

ತಾರೆಯನ್ನು ಸೂಚಿಸುವ ದೇಶ್ಯ ಪದಗಳು ಕನ್ನಡದಲ್ಲಿ ಹಲವಿವೆ. ಹಳಗನ್ನಡದ 'ಅರಿಲ್', ಮೀನು ಎಂಬ ಅರ್ಥದ ಪದದೊಡನೆ ಸಮಾನರೂಪವುಳ್ಳ 'ಮೀನ್', ಇಂದಿಗೂ ಬಳಕೆಯಲ್ಲಿರುವ 'ಚುಕ್ಕಿ' ಇವು ಮುಖ್ಯವಾದವು. ಶುಕ್ರಗ್ರಹಕ್ಕೆ 'ಬೆಳ್ಳಿ' ಎಂಬ ಹೆಸರಿದೆ. ಬಿಳುಪನ್ನು ಹೇಳುವ ಧಾತುವಿನಿಂದ ಬಂದ ಇದು ಲೋಹಕ್ಕೂ ಗ್ರಹಕ್ಕೂ ಸಲ್ಲುತ್ತದೆ. ತಮಿಳಿನ 'ವೆಳ್ಳಿ'ಯೂ ಹಾಗೆಯೇ.

ತಮಿಳಿನ ಸಂಗಂ ಸಾಹಿತ್ಯದಲ್ಲಿ 'ಮೀನ್' ಶಬ್ದದಿಂದ ಕೃತ್ತಿಕೆಗೆ 'ಅಱುಮೀನ್' ಎಂದೂ ಸಪ್ತರ್ಷಿಗಳಿಗೆ 'ಎೞುಮೀನ್' ಎಂದೂ ಸಂಖ್ಯಾಪೂರ್ವಕವಾದ ಸಮಾಸಗಳು ಸಿದ್ಧಿಸಿವೆ. ಕಣ್ಣಿಗೆ ಕಂಡ ಆರು ಅಥವಾ ಏಳು ಚುಕ್ಕಿಗಳನ್ನು ಎಣಿಸಿ ಇಟ್ಟ ಹೆಸರುಗಳಿವು. ನೋಡಿದ ಹೊರತು ಹುಟ್ಟಲಾರದ ಹೆಸರುಗಳು. ಇಂದಿನ ಶಿಷ್ಟ ಕನ್ನಡದಲ್ಲಿ ಇವುಗಳಿಗೆ ಸಂವಾದಿಯಾದ ರೂಪಗಳು ಬಳಕೆಯಲ್ಲಿಲ್ಲ. ತಾರೆ ಎಂಬ ಸಾಮಾನ್ಯಾರ್ಥದಲ್ಲಿ ದೇಶ್ಯ ಪದ ಉಳಿದುಕೊಂಡಿತು, ಒಂದೊಂದು ತಾರೆಯ ಅಂಕಿತನಾಮದ ಸ್ಥಾನವನ್ನು ಇಪ್ಪತ್ತೇಳು ನಕ್ಷತ್ರಗಳ ಪಟ್ಟಿ ಆಕ್ರಮಿಸಿತು.

3. ಪ್ರಾಕೃತದ ದಾರಿ

ಈ ಪಟ್ಟಿ ಕನ್ನಡಕ್ಕೆ ಒಂದೇ ಬಾರಿಗೆ, ಒಂದೇ ದಾರಿಯಿಂದ ಬಂದದ್ದಲ್ಲವೆಂಬುದನ್ನು ಪದಗಳ ರೂಪವೇ ತಿಳಿಸುತ್ತದೆ. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗಗಳು ಎಕಾರಾಂತವಾಗುವುದು ಕನ್ನಡದ ಪರಿಚಿತ ನಿಯಮ: ಮಾಲಾ–ಮಾಲೆ ಎಂಬಂತೆ ಮಘಾ–ಮಘೆ, ವಿಶಾಖಾ–ವಿಶಾಖೆ. ಇದು ಯಾವ ಕಾಲದ ಸ್ವೀಕರಣಕ್ಕೂ ಅನ್ವಯಿಸುವುದರಿಂದ ಕಾಲನಿರ್ಣಯಕ್ಕೆ ಒದಗದು. 'ಚಿತ್ತೆ' (ಚಿತ್ರಾ), ಆಡುಮಾತಿನ 'ಆರಿದ್ರ' (ಆರ್ದ್ರಾ), 'ರೋಣಿ' (ರೋಹಿಣೀ), ಉತ್ತರ ಕರ್ನಾಟಕದ 'ಮಿರಗ' (ಮೃಗಶಿರಾ) ಇವುಗಳಲ್ಲಿ ಸವರ್ಣೀಕರಣ, ಸ್ವರಭಕ್ತಿ, ಲೋಪ ಮೊದಲಾದ ವ್ಯಾಪಾರಗಳು ಕಾಣುತ್ತವೆ.

ಕಾಲನಿರ್ಣಯಕ್ಕೆ ನೆರವಾಗುವ ಪದ 'ಹುಬ್ಬೆ'. ಇದು ಪೂರ್ವಫಲ್ಗುನೀ ಎಂಬುದರ ಮೊದಲ ಪದವಾದ 'ಪೂರ್ವಾ' ಎಂಬುದರಿಂದ ಬಂದದ್ದು. ಪೂರ್ವಾಷಾಢ, ಪೂರ್ವಾಭಾದ್ರಗಳೂ ಪೂರ್ವಗಳೇ ಆಗಿದ್ದರೂ ವಿಶೇಷಣವಿಲ್ಲದ 'ಪೂರ್ವಾ' ಫಲ್ಗುನಿಗೇ ಮೀಸಲಾಗಿದೆ. ತಮಿಳಿನ 'ಪೂರಂ', ತೆಲುಗಿನ 'ಪುಬ್ಬ' ಎಂಬ ಹೆಸರುಗಳೂ ಇದೇ ನಕ್ಷತ್ರಕ್ಕೆ ಸಲ್ಲುವುದರಿಂದ ಈ ಸಂಕ್ಷೇಪವು ಕನ್ನಡದೊಳಗೇ ಆದದ್ದಲ್ಲ, ದಕ್ಷಿಣದ ಭಾಷೆಗಳಿಗೆ ಸಾಮಾನ್ಯವಾದದ್ದು.

ಧ್ವನಿಪರಿವರ್ತನೆಯ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಸಂಸ್ಕೃತದ 'ರ್ವ' ಪ್ರಾಕೃತದಲ್ಲಿ 'ವ್ವ' ಆಗಿ, ಕನ್ನಡದಲ್ಲಿ 'ಬ್ಬ' ಆಯಿತು: ಪೂರ್ವಾ–ಪುವ್ವಾ–ಪುಬ್ಬೆ. ಅನಂತರ ಪದಾದಿಯ ಪಕಾರ ಹಕಾರವಾಗಿ 'ಹುಬ್ಬೆ' ಸಿದ್ಧಿಸಿತು. ಪರ್ವ–ಪಬ್ಬ–ಹಬ್ಬ ಎಂಬುದು ಇದಕ್ಕೆ ನೇರ ಸಾದೃಶ್ಯ. ಪಕ್ಷಿ–ಪಕ್ಕಿ–ಹಕ್ಕಿ ಎಂಬುದೂ, ಆಕಾಶಕ್ಕೇ ಸಂಬಂಧಿಸಿದ ಪೂರ್ಣಿಮಾ–ಪುಣ್ಣಮೆ–ಹುಣ್ಣಿಮೆ ಎಂಬುದೂ ಇದೇ ಹಾದಿಯಲ್ಲಿ ಸಾಗಿದವು. ತುಳುವಿನ 'ಪರ್ಬ', ತೆಲುಗಿನ 'ಪುನ್ನಮಿ', 'ಪುಬ್ಬ' ಎಂಬ ರೂಪಗಳಲ್ಲಿ ಪಕಾರ ಹಾಗೆಯೇ ನಿಂತಿದೆ.

ಪಕಾರ ಹಕಾರವಾಗುವ ಪರಿವರ್ತನೆ ಶಾಸನಗಳಲ್ಲಿ ಸುಮಾರು ಹತ್ತನೆಯ ಶತಮಾನದಿಂದ ಕಾಣತೊಡಗಿ, ನಡುಗನ್ನಡದ ವೇಳೆಗೆ ವ್ಯಾಪಕವಾಯಿತೆಂಬುದು ಸರ್ವವಿದಿತ. ಎ.ಎನ್. ನರಸಿಂಹಯ್ಯನವರು ಪ್ರಾಚೀನತಮ ಕನ್ನಡ ಶಾಸನಗಳ ವ್ಯಾಕರಣವನ್ನು 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೂಲಕ ಪ್ರಕಟಿಸಿದ ಮೇಲೆ ಇಂಥ ಪರಿವರ್ತನೆಗಳ ಕಾಲವಿಚಾರಕ್ಕೆ ದೃಢವಾದ ತಳಹದಿ ಒದಗಿತು. 'ಪುಬ್ಬೆ'ಯು ಹಾಲು, ಹಾವು, ಹೂವುಗಳ ಜೊತೆಗೂಡಿ ಬದಲಾಗಿರುವುದರಿಂದ, ಪರಿವರ್ತನೆ ಪೂರ್ಣಗೊಳ್ಳುವ ಮೊದಲೇ ಅದು ಜನರ ಮಾತಿನಲ್ಲಿ ಬೇರೂರಿತ್ತೆಂದು ಊಹಿಸಬಹುದು. ಇದು ಈಚಿನ ಸಾದೃಶ್ಯರೂಪವಾಗಿರಬಹುದೆಂಬ ಆಕ್ಷೇಪ ನಿಲ್ಲದು. ಈಚಿನ ಸ್ವೀಕರಣವಾಗಿದ್ದರೆ 'ರ್ವ' ಎಂಬ ಸಂಯುಕ್ತಾಕ್ಷರ ಉಳಿಯುತ್ತಿತ್ತು, 'ಬ್ಬ' ಬರುತ್ತಿರಲಿಲ್ಲ.

ಅದೇ ಮಳೆಪಟ್ಟಿಯಲ್ಲಿ 'ಪುಷ್ಯ', 'ಪುನರ್ವಸು'ಗಳು ಪಕಾರವನ್ನು ಉಳಿಸಿಕೊಂಡಿವೆ. ಪುಷ್ಯಕ್ಕೆ ತಮಿಳಿನಲ್ಲಿ 'ಪೂಸಂ' ಎಂಬ ತದ್ಭವವಿದೆ. ಕನ್ನಡದಲ್ಲಿ ತತ್ಸಮವೇ ನಿಂತಿತು. ಯುಗಾದಿಯಂದು ಊರಿನವರ ಮುಂದೆ ಪಂಚಾಂಗ ಓದುವ ಪದ್ಧತಿಯೂ ಅದೇ ಹೆಸರಿನ ಮಾಸವೂ ಈ ರೂಪವನ್ನು ಪದೇ ಪದೇ ಕಿವಿಗೆ ಮುಟ್ಟಿಸಿರಬೇಕು. ಹೀಗೆ ಒಂದೇ ಉಸಿರಿನಲ್ಲಿ ಹೇಳುವ ಹತ್ತು ಹನ್ನೆರಡು ಹೆಸರುಗಳಲ್ಲಿ ಎರಡು ಯುಗಗಳು ಒಟ್ಟಿಗಿವೆ: ಕಿವಿಯಿಂದ ಕಿವಿಗೆ ಇಳಿದುಬಂದ ಹುಬ್ಬೆ, ಓಲೆಯಿಂದ ಮರಳಿ ಮರಳಿ ಓದಿಸಿಕೊಂಡ ಪುಷ್ಯ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಪದಾದಿಯ ಹಕಾರ ಲೋಪವಾಗುವೆಡೆ ಅದು 'ಉಬ್ಬೆ'ಯೂ ಆಗುತ್ತದೆ. ಆ ರೂಪದಲ್ಲಿ 'ಪೂರ್ವ'ವನ್ನು ಗುರುತಿಸುವುದು ಆಡುವವರಿಗೆ ಸಾಧ್ಯವಿಲ್ಲ, ಅದರ ಅಗತ್ಯವೂ ಅವರಿಗಿಲ್ಲ.

4. ತಾರೆಯಿಂದ ಕಾಲಕ್ಕೆ

ಕ್ರಾಂತಿವೃತ್ತದ ಒಂದೊಂದು ನಕ್ಷತ್ರಭಾಗದ ವಿಸ್ತಾರ 13 ಅಂಶ 20 ಕಲೆ. ಸೂರ್ಯನಿಗೆ ಅದನ್ನು ದಾಟಲು ಹದಿಮೂರೂವರೆ ದಿನ ಬೇಕು. ಈಗ ಸೂರ್ಯನು ಜೂನ್ 21–22ರ ಸುಮಾರಿಗೆ ಆರಿದ್ರವನ್ನೂ ಆಗಸ್ಟ್ 30–31ರ ಸುಮಾರಿಗೆ ಹುಬ್ಬೆಯನ್ನೂ ಪ್ರವೇಶಿಸುತ್ತಾನೆ. ಮಳೆನಕ್ಷತ್ರವೆಂದರೆ ಈ ಗಣಿತದ ಹೆಸರು. ಬಿತ್ತನೆ, ನಾಟಿ, ಕಳೆಗಳ ಲೆಕ್ಕಾಚಾರವೆಲ್ಲ ಇದರ ಮೇಲೆ ನಿಂತಿರುವುದರಿಂದ ರೈತನಿಗೆ ಇದು ಅತ್ಯಂತ ಉಪಯುಕ್ತವಾದ ಕಾಲಮಾಪಕ. ಆದರೆ ಇದನ್ನು ತಿಳಿಯಲು ಆಕಾಶವನ್ನು ನೋಡಬೇಕಿಲ್ಲ. ಪಂಚಾಂಗವನ್ನು ಕೇಳಿದರೆ ಸಾಕು.

ಈ ಬಗೆಯ ಜ್ಞಾನ ಕನ್ನಡದಲ್ಲಿ ಬೇಗನೆ ಗ್ರಂಥಸ್ಥವಾಯಿತು. ಚಾವುಂಡರಾಯನ 'ಲೋಕೋಪಕಾರ' (1025) ಪಂಚಾಂಗ, ಮಳೆ, ನೀರು, ಗಿಡಮರಗಳ ವಿಚಾರವನ್ನು ಗೃಹಸ್ಥನಿಗೆ ತಿಳಿಸುತ್ತದೆ. ಶ್ರೀಧರಾಚಾರ್ಯನ 'ಜಾತಕತಿಲಕ' (1049) ಜ್ಯೋತಿಷವನ್ನು ಕನ್ನಡಕ್ಕೆ ತಂದಿತು. ಸುಮಾರು 1300ರ ಅರ್ಹದ್ದಾಸನ 'ರಟ್ಟಮತ' ಮಳೆ ಮತ್ತು ಉತ್ಪಾತಗಳ ಲಕ್ಷಣಕ್ಕೇ ಮೀಸಲಾದ ಗ್ರಂಥ. ಇವುಗಳಲ್ಲಿ ನಕ್ಷತ್ರದ ಹೆಸರು ಮುಖ್ಯವಾಗಿ ಫಲವನ್ನೂ ಕಾಲವನ್ನೂ ಸೂಚಿಸುವ ಸಂಜ್ಞೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಯನಚಲನದ ಫಲವಾಗಿ, ಸೂರ್ಯನು ಒಂದು ನಕ್ಷತ್ರವನ್ನು ಪ್ರವೇಶಿಸುವ ದಿನ ಋತುವಿಗೆ ಹೋಲಿಸಿದರೆ ಎಪ್ಪತ್ತು ವರ್ಷಗಳಿಗೆ ಒಂದು ದಿನದಷ್ಟು ಹಿಂದೆ ಬೀಳುತ್ತದೆ. ಸಾವಿರ ವರ್ಷಗಳಲ್ಲಿ ಇದು ಸುಮಾರು ಹದಿನಾಲ್ಕು ದಿನ, ಅಂದರೆ ಒಂದು ನಕ್ಷತ್ರದ ಅವಧಿ. ಲೋಕೋಪಕಾರದ ಕಾಲದಲ್ಲಿ ಹುಬ್ಬೆಯ ಪಾಲಿಗೆ ಬರುತ್ತಿದ್ದ ಋತುಭಾಗ ಇಂದು ಮಘೆಯ ಪಾಲಿಗೆ ಬಂದಿದೆ. ಆದ್ದರಿಂದ ಆ ಗ್ರಂಥಗಳ ಮಳೆಲಕ್ಷಣಗಳನ್ನು ಇಂದಿನ ನಕ್ಷತ್ರನಾಮಗಳಿಗೆ ನೇರವಾಗಿ ಹೊಂದಿಸಲಾಗದು.

ಮೈಸೂರಿನ ಅರಮನೆಯ ಪರಂಪರೆಯಲ್ಲಿ ಈ ಹೆಸರುಗಳು ಇನ್ನೊಂದು ನಿರ್ದೇಶವನ್ನೂ ಪಡೆದವು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಒಂದಾದ ಗ್ರಹನಿಧಿಯಲ್ಲಿ ಗ್ರಹ, ನಕ್ಷತ್ರಾದಿಗಳು ಧ್ಯಾನಶ್ಲೋಕಕ್ಕೆ ಅನುಸಾರವಾಗಿ ದೇವತಾರೂಪದಲ್ಲಿ ಚಿತ್ರಿತವಾಗಿವೆ. ಅಲ್ಲಿ ನಕ್ಷತ್ರಕ್ಕೆ ಮುಖವಿದೆ, ಬಣ್ಣವಿದೆ. ಆಕಾಶದಲ್ಲಿ ಅದನ್ನು ಎಲ್ಲಿ ಹುಡುಕಬೇಕೆಂಬುದನ್ನು ತಿಳಿಸುವುದು ಆ ಚಿತ್ರಗಳ ಉದ್ದೇಶವಲ್ಲ.

5. ಮತ್ತೆ ಆಕಾಶದ ಕಡೆಗೆ

ಇಪ್ಪತ್ತನೆಯ ಶತಮಾನದಲ್ಲಿ ಈ ನಗರದಲ್ಲಿ ಎರಡು ಧಾರೆಗಳು ಹರಿದವು. ಒಂದು, ಪ್ರಾಚೀನ ಗ್ರಂಥಗಳ ಶೋಧನೆ. ಅರ್ಥಶಾಸ್ತ್ರವನ್ನು 1909ರಲ್ಲಿ ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳೇ 1936ರಲ್ಲಿ ವೇದಾಂಗಜ್ಯೋತಿಷವನ್ನು ಸಂಪಾದಿಸಿದರು. ಇನ್ನೊಂದು, ಕನ್ನಡದಲ್ಲಿ ವಿಜ್ಞಾನಲೇಖನ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು ಬೆಂಗಳೂರಿನಲ್ಲಿ 1918ರಲ್ಲಿ ಆರಂಭಿಸಿದ 'ವಿಜ್ಞಾನ' ಪತ್ರಿಕೆ ಈ ಲೇಖನಕ್ಕೆ ದಾರಿ ತೆರೆಯಿತು. ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಆರ್.ಎಲ್. ನರಸಿಂಹಯ್ಯನವರು 'ಜಗತ್ತುಗಳ ಹುಟ್ಟು ಸಾವು' ಎಂಬ ಗ್ರಂಥವನ್ನು ಬರೆದರು. 1969ರಲ್ಲಿ ಮೊದಲ ಸಂಪುಟ ಕಂಡ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗದಲ್ಲಿ ದುಡಿದ ಜಿ.ಟಿ. ನಾರಾಯಣರಾವ್ (1926–2008) ಅವರು ನಕ್ಷತ್ರವೀಕ್ಷಣೆಯನ್ನು ಸಾಮಾನ್ಯ ಓದುಗರ ಹವ್ಯಾಸವಾಗಿಸಲು ಬಹುಕಾಲ ಶ್ರಮಿಸಿದರು.

ಇವರ ಮುಂದಿದ್ದ ಭಾಷಾಸಮಸ್ಯೆ ಸಣ್ಣದಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ ಅಂಗೀಕರಿಸಿದ 88 ನಕ್ಷತ್ರಪುಂಜಗಳಿಗೆ ಕನ್ನಡ ಹೆಸರು ಬೇಕಾಗಿತ್ತು. ಇಪ್ಪತ್ತೇಳು ನಕ್ಷತ್ರಗಳೂ ಹನ್ನೆರಡು ರಾಶಿಗಳೂ ಕ್ರಾಂತಿವೃತ್ತದ ಪಟ್ಟಿಗೆ ಸೀಮಿತ. ಉಳಿದ ಆಕಾಶಕ್ಕೆ ಹೊಸ ಹೆಸರುಗಳನ್ನು ಕಟ್ಟಬೇಕಾಯಿತು. ಸಪ್ತರ್ಷಿ, ತ್ರಿಶಂಕು, ಅಗಸ್ತ್ಯಗಳಂಥ ಸಿದ್ಧನಾಮಗಳು ಮೊದಲೇ ಇದ್ದವು. ಮಹಾಶ್ವಾನ, ರಾಜಹಂಸಗಳು ಅರ್ಥಾನುವಾದಗಳು. ಇವೆರಡಕ್ಕಿಂತ ಕುತೂಹಲಕರವಾದದ್ದು ಮೂರನೆಯ ಬಗೆ: ಕ್ಯಾಸಿಯೋಪಿಯಾಕ್ಕೆ ಕುಂತಿ, ಸೀಫಿಯಸ್‌ಗೆ ಯುಧಿಷ್ಠಿರ, ಆಂಡ್ರೊಮೆಡಾಕ್ಕೆ ದ್ರೌಪದಿ, ಪರ್ಸಿಯಸ್‌ಗೆ ಪಾರ್ಥ.

ಇದು ಪದಾನುವಾದವಲ್ಲ, ಕಥಾನುವಾದ. ಗ್ರೀಕ್ ಕಥೆಯಲ್ಲಿ ಸೀಫಿಯಸ್ ಮತ್ತು ಕ್ಯಾಸಿಯೋಪಿಯಾ ದಂಪತಿಗಳು, ಆಂಡ್ರೊಮೆಡಾ ಅವರ ಮಗಳು, ಪರ್ಸಿಯಸ್ ಅಳಿಯ. ಕನ್ನಡದ ಆಕಾಶದಲ್ಲಿ ಕುಂತಿಗೆ ಯುಧಿಷ್ಠಿರ, ಪಾರ್ಥರಿಬ್ಬರೂ ಮಕ್ಕಳು, ದ್ರೌಪದಿ ಸೊಸೆ. ನಂಟಿನ ಬಗೆ ಬದಲಾದರೂ ನಾಲ್ಕು ಪುಂಜಗಳೂ ಒಂದೇ ಮನೆಯವು ಎಂಬ ಅಂಶ ಉಳಿದಿದೆ. ಅಕ್ಕಪಕ್ಕದಲ್ಲಿರುವ ಪುಂಜಗಳನ್ನು ನೆನಪಿನಲ್ಲಿಟ್ಟುಕೊಳ್ಳಲು ಓದುಗನಿಗೆ ಬೇಕಾದದ್ದು ಅದೇ. ಪರಿಭಾಷೆಯ ಕೆಲಸವನ್ನು ಶಬ್ದಕ್ಕೆ ಶಬ್ದ ಇಡುವುದೆಂದು ತಿಳಿಯದೆ, ನೋಡುವವನ ಸ್ಮೃತಿಗೆ ಆಧಾರ ಒದಗಿಸುವುದೆಂದು ತಿಳಿದದ್ದರ ಫಲವಿದು.

ಆದರೆ ಇದೇ ಬರಹಗಳಲ್ಲಿ ಸಿಂಹರಾಶಿಯ ಬೆನ್ನ ಹಿಂಭಾಗದ ಎರಡು ತಾರೆಗಳಾದ ಡೆಲ್ಟಾ ಲಿಯೋನಿಸ್, ತೀಟಾ ಲಿಯೋನಿಸ್‌ಗಳನ್ನು ಕುರಿತು ಹೇಳುವಾಗ ಸಾಮಾನ್ಯವಾಗಿ ಒದಗುವ ಹೆಸರು ಪೂರ್ವಫಲ್ಗುನೀ ಅಥವಾ ಪುಬ್ಬಾ. ಹುಬ್ಬೆ ಮಳೆಯಲ್ಲಿ ನೆನೆದು ಬೆಳೆದ ಹುಡುಗನಿಗೆ ಪುಸ್ತಕದ ಪೂರ್ವಫಲ್ಗುನಿ ತನ್ನ ಊರಿನ ಹುಬ್ಬೆಯೇ ಎಂದು ತಿಳಿಯುವ ಸಂದರ್ಭವೇ ಬರುವುದಿಲ್ಲ. ತನ್ನ ಮನೆಯ ಮಾತಿನಲ್ಲಿ ಖಗೋಳವಿದೆಯೆಂಬುದನ್ನು ಅರಿಯದೆಯೇ ಅವನು ಖಗೋಳವನ್ನು ಕಲಿಯುತ್ತಾನೆ.

6. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಸೂಚನೆಗಳು ಹೊರಡುತ್ತವೆ. ಮೊದಲನೆಯದು ಕ್ಷೇತ್ರಕಾರ್ಯಕ್ಕೆ ಸಂಬಂಧಿಸಿದ್ದು. ಹಗಲಿನಲ್ಲಿ, ಜಗಲಿಯ ಮೇಲೆ ಕುಳಿತು ನಕ್ಷತ್ರಗಳ ಹೆಸರು ಕೇಳಿದರೆ ದೊರೆಯುವುದು ಮಳೆಪಟ್ಟಿ. ಕುರಿಗಾಹಿಗಳು, ಬೆಸ್ತರು, ಇರುಳಿನಲ್ಲಿ ನೀರು ಹಾಯಿಸುವವರು ಯಾವ ಚುಕ್ಕಿಯನ್ನು ಏನೆಂದು ಕರೆಯುತ್ತಾರೆಂಬುದನ್ನು ಇರುಳಿನಲ್ಲಿಯೇ, ಬೆರಳು ತೋರಿಸಿ ಕೇಳಿ ದಾಖಲಿಸಬೇಕು. ಪದ ಮತ್ತು ಉಚ್ಚಾರಣೆಯ ಜೊತೆಗೆ ನಿರ್ದೇಶವನ್ನೂ ಬರೆದುಕೊಂಡಾಗ ಮಾತ್ರ ಆ ದಾಖಲೆ ಪೂರ್ಣವಾಗುತ್ತದೆ.

ಎರಡನೆಯದು ಪರಿಭಾಷೆಗೆ ಸಂಬಂಧಿಸಿದ್ದು. ಪೂರ್ವಫಲ್ಗುನೀ ಎಂದು ಬರೆಯುವೆಡೆ ಹುಬ್ಬೆ ಎಂಬುದನ್ನೂ, ಚಿತ್ರಾ ಎಂಬಲ್ಲಿ ಚಿತ್ತೆಯನ್ನೂ ಸೇರಿಸುವುದರಿಂದ ಶಾಸ್ತ್ರೀಯತೆಗೆ ಕುಂದಿಲ್ಲ. ಸಾವಿರ ವರ್ಷಗಳ ಧ್ವನಿಚರಿತ್ರೆಯನ್ನು ಹೊತ್ತಿರುವ ಪದ ಪಠ್ಯಪುಸ್ತಕದ ಒಂದು ಸಾಲಿಗೆ ಅನರ್ಹವಾಗಲಾರದು.

ಫಾಲ್ಗುಣ ಮಾಸಕ್ಕೆ ಆ ಹೆಸರು ಬಂದದ್ದು, ಅದರ ಹುಣ್ಣಿಮೆಯ ಚಂದ್ರನು ಫಲ್ಗುನಿಗಳ ಬಳಿ ಇರುವುದರಿಂದ. 12 ಅಂಶ 18 ಕಲೆ ಅಕ್ಷಾಂಶದ ಮೈಸೂರಿನಲ್ಲಿ ಮಾರ್ಚ್ ತಿಂಗಳ ಮಧ್ಯಭಾಗದ ನಡುರಾತ್ರಿಯಲ್ಲಿ, ಏಪ್ರಿಲ್ ಕೊನೆಯ ವೇಳೆಗೆ ರಾತ್ರಿ ಒಂಬತ್ತು ಗಂಟೆಯ ಸುಮಾರಿನಲ್ಲಿ, ಹುಬ್ಬೆಯ ಎರಡು ತಾರೆಗಳು ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತವೆ. ಹೆಸರನ್ನು ಬಲ್ಲವರು ಆಗ ತಲೆಯೆತ್ತಿ ನೋಡಬಹುದು.