ಆಚೆಗೆ ಕುಷ್ಟಗಿ, ಈಚೆಗೆ ಇಳಕಲ್: ನ್ಯಾಯದ ತಕ್ಕಡಿಯಲ್ಲಿ ಎರಡು ರಾಜ್ಯಗಳು

ದೊರೆ ನಮ್ಮವನಾದರೆ ನಮ್ಮ ಬದುಕು ಹಸನಾಗುತ್ತದೆಯೇ? ಈ ಪ್ರಶ್ನೆಗೆ ಉತ್ತರವನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ಇಂದು ಇಳಕಲ್ಲಿನಲ್ಲಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕುಷ್ಟಗಿ ಬರುತ್ತದೆ. ನಡುವೆ ಯಾರೂ ತಡೆಯುವುದಿಲ್ಲ. 1948ರವರೆಗೆ ಹಾಗಿರಲಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಊರುಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಕುಷ್ಟಗಿಯು ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿತ್ತು. ಎರಡೂ ಕಡೆ ಅದೇ ಜೋಳದ ಹೊಲ, ಅದೇ ಮಾತು, ಅದೇ ಅಝಾನ್. ಆದರೆ ಸರಕಾರಗಳು ಬೇರೆ.

ನಾಣ್ಯವೂ ಬೇರೆ. ಗಡಿಯಾಚೆ ನಿಜಾಮರ ಹಾಲಿ ಸಿಕ್ಕಾ ನಡೆಯುತ್ತಿತ್ತು. ಈಚಿನ ನೂರು ರೂಪಾಯಿಗೆ ಆಚಿನ ಸುಮಾರು 116 ರೂಪಾಯಿ. ಗಡಿ ದಾಟುವ ಸರಕಿನ ಮೇಲೆ ಕರೋಡಗಿರಿ ಎಂಬ ಸುಂಕವಿತ್ತು. ಮಗ್ಗದಿಂದಲೇ ಬದುಕುವ ಇಳಕಲ್ಲಿನ ಸೀರೆಗೆ ನೆರೆಯ ತಾಲೂಕು ಪರರಾಜ್ಯದ ಪೇಟೆಯಾಗಿತ್ತು.

ಭೂಮಿಯ ವಿಷಯಕ್ಕೆ ಬರೋಣ. ಹೈದರಾಬಾದ್ ಸಂಸ್ಥಾನದ ದೊಡ್ಡ ಪಾಲು ನೆಲ ಜಾಗೀರುಗಳಿಗೂ ನಿಜಾಮರ ಸ್ವಂತ ಸರ್ಫೆಖಾಸಿಗೂ ಸೇರಿತ್ತು. ಕೊಪ್ಪಳವೇ ಸಾಲಾರ್ ಜಂಗ್ ಮನೆತನದ ಜಾಗೀರು. ಅಲ್ಲಿನ ರೈತನಿಗೆ ಜಾಗೀರುದಾರನ ಅಧಿಕಾರಿಯೇ ಸರಕಾರ. ಆ ರೈತ ಹಿಂದುವೋ ಮುಸ್ಲಿಮನೋ ಎಂಬುದರಿಂದ ಅವನ ಸಾಲ ಹಗುರಾಗಲಿಲ್ಲ. ಜಾಗೀರು ಪದ್ಧತಿ ರದ್ದಾದದ್ದು 1949ರಲ್ಲಿ.

ಹಾಗೆಂದು ಈಚಿನ ಆಂಗ್ಲರ ಆಳ್ವಿಕೆ ದಯಾಪರವಾಗಿತ್ತೆಂದು ತಿಳಿಯಬಾರದು. ಇಲ್ಲಿ ರೈತವಾರಿ ಪದ್ಧತಿಯಿತ್ತು. ಜಾಗೀರುದಾರನಿರಲಿಲ್ಲ, ಆದರೆ ನಗದು ಕಂದಾಯವೂ ಸಾವುಕಾರನ ಬಡ್ಡಿಯೂ ಇದ್ದವು. 1876–78ರ ಬರದಲ್ಲಿ ಈ ಜಿಲ್ಲೆ, ಆಗಿನ ಹೆಸರಿನಲ್ಲಿ ಕಲಾದಗಿ ಜಿಲ್ಲೆ, ಎಷ್ಟು ಸೊರಗಿತೆಂದರೆ 1872ರಿಂದ 1881ರ ನಡುವೆ ಅದರ ಜನಸಂಖ್ಯೆ ಐದನೆಯ ಒಂದು ಭಾಗಕ್ಕೂ ಹೆಚ್ಚು ಕುಗ್ಗಿತು. ಬರದ ನಂತರ, 1880ರ ದಶಕದಲ್ಲಿ, ಗದಗಿನಿಂದ ಹೊಟಗಿಯವರೆಗಿನ ರೈಲುಮಾರ್ಗ ಬಾದಾಮಿ, ಬಾಗಲಕೋಟೆಗಳ ಮೂಲಕ ಬಂದಿತು. ಹುನಗುಂದ, ಇಳಕಲ್ಲುಗಳಿಗೆ ಆ ಭಾಗ್ಯವೂ ಇರಲಿಲ್ಲ.

ಅತ್ಯಂತ ದೊಡ್ಡ ಅಂತರ ಕಂಡುಬಂದದ್ದು ವಿದ್ಯೆಯಲ್ಲಿ. ನಿಜಾಮರು 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ವಿದ್ಯೆ ಕಲಿಸಿದ ಆ ಸಾಹಸ ಗೌರವಾರ್ಹವಾದುದು. ಆದರೆ ಕನ್ನಡ, ತೆಲುಗು, ಮರಾಠಿ ಆಡುವ ಹಳ್ಳಿಯ ಮಗುವಿಗೆ ಮೇಲಿನ ತರಗತಿಗಳ ಬಾಗಿಲು ಇಕ್ಕಟ್ಟಾಯಿತು. ಮನೆಯಲ್ಲಿ ದಖನಿ ಆಡುತ್ತಿದ್ದ ಬಡ ಮುಸ್ಲಿಮನ ಮಗನಿಗೂ ಹತ್ತಿರದಲ್ಲಿ ಶಾಲೆಯಿಲ್ಲದಿದ್ದ ಮೇಲೆ ಆ ಉರ್ದುವಿನಿಂದ ಫಲವೇನು? 1951ರ ಜನಗಣತಿಯಲ್ಲಿ ಹೈದರಾಬಾದ್ ರಾಜ್ಯದ ಅಕ್ಷರಸ್ಥರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಮುಂಬಯಿ ರಾಜ್ಯದಲ್ಲಿ ಸುಮಾರು ಕಾಲು ಭಾಗ. ಇದೇ ನಿಜಾಮರ ಸರಕಾರವು ಮದ್ರಾಸಿನೊಡನೆ ಸೇರಿ 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಹಾಕಿತೆಂಬುದನ್ನೂ ಮರೆಯಬಾರದು. ಒಳಿತನ್ನು ಒಳಿತೆಂದೇ ಹೇಳಬೇಕು.

1947ರ ಆಗಸ್ಟ್ 15ರಿಂದ ಹದಿಮೂರು ತಿಂಗಳು ಇವು ನಿಜಕ್ಕೂ ಎರಡು ದೇಶಗಳಾದವು. ಈಚೆ ಸ್ವತಂತ್ರ ಭಾರತ. ಆಚೆ ಭಾರತಕ್ಕೆ ಸೇರದ ಹೈದರಾಬಾದ್. ಕಾಸಿಮ್ ರಝ್ವಿಯ ರಝಾಕಾರರ ಹಾವಳಿಗೆ ಅಂಜಿ ಜನರು ಗಡಿ ದಾಟಿ ಬಂದರು. ಗಜೇಂದ್ರಗಡ, ಮುಂಡರಗಿಗಳಲ್ಲಿ ಹೋರಾಟಗಾರರ ಶಿಬಿರಗಳಿದ್ದವು. ರಝಾಕಾರರನ್ನು ಖಂಡಿಸಿ ಬರೆದವರಲ್ಲಿ ‘ಇಮ್ರೋಝ್’ ಪತ್ರಿಕೆಯ ಸಂಪಾದಕ ಶುಐಬುಲ್ಲಾ ಖಾನ್ ಒಬ್ಬರು. 1948ರ ಆಗಸ್ಟಿನಲ್ಲಿ ಅವರನ್ನು ಕೊಲ್ಲಲಾಯಿತು.

ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ಬಳಿಕ ದಂಡ ತೆತ್ತವರು ಯಾರು? ಅರಮನೆಯವರಲ್ಲ. ಪಂಡಿತ ಸುಂದರಲಾಲ್ ಮತ್ತು ಕಾಝಿ ಅಬ್ದುಲ್ ಗಫ್ಫಾರ್ ಇದ್ದ ಸಮಿತಿಯ ಅಂದಾಜಿನಂತೆ 27 ಸಾವಿರದಿಂದ 40 ಸಾವಿರ ಜನ ಪ್ರಾಣ ಕಳೆದುಕೊಂಡರು. ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್ ಜಿಲ್ಲೆಗಳ ಸಾಮಾನ್ಯ ಮುಸ್ಲಿಮರು ಅವರಲ್ಲಿ ಹೆಚ್ಚಿನವರು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಹಿಂದು ನೇಕಾರರು ತಮ್ಮ ಪ್ರಾಣವನ್ನೂ ಒತ್ತೆಯಿಟ್ಟು ಮುಸ್ಲಿಮ್ ನೇಕಾರರನ್ನು ಕಾಪಾಡಿದ ಸಂಗತಿಯೂ ಅದರಲ್ಲಿ ದಾಖಲಾಗಿದೆ. ನೇಕಾರರ ಊರಾದ ಇಳಕಲ್ಲಿನವರು ಇದನ್ನು ತಮ್ಮ ಮಕ್ಕಳಿಗೆ ತಪ್ಪದೆ ಹೇಳಬೇಕು.

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 135ನೆಯ ಸೂಕ್ತವು ನಮ್ಮವರಿಗೇ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯುವ ಹೊಣೆಯನ್ನು ಸತ್ಯವಿಶ್ವಾಸಿಗಳ ಮೇಲಿರಿಸಿದೆ. ಅಲ್ ಮಾಇದಾ ಅಧ್ಯಾಯದ 8ನೆಯ ಸೂಕ್ತವು ದ್ವೇಷದ ನಡುವೆಯೂ ನ್ಯಾಯ ಕೈಬಿಡಬಾರದೆಂದು ವಿಧಿಸಿದೆ. ಮೊದಲನೆಯದರ ಬೆಳಕಿನಲ್ಲಿ ನಾವು ಜಾಗೀರುಗಳನ್ನೂ ರಝಾಕಾರರನ್ನೂ ಅಳೆಯಬೇಕು. ಎರಡನೆಯದರ ಬೆಳಕಿನಲ್ಲಿ 1948ರ ಗಾಯವನ್ನು ನೆನೆಯಬೇಕು. ದೊರೆಯ ಹೆಸರಿನಿಂದ ರಾಜ್ಯವನ್ನು ಅಳೆಯುವವನು ಇವೆರಡನ್ನೂ ಮರೆತವನು.

ಆ ಗಡಿಯ ಗುರುತು ಇಂದಿಗೂ ಅಳಿದಿಲ್ಲ. 2002ರ ನಂಜುಂಡಪ್ಪ ಸಮಿತಿಯು ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ. ಆದ್ದರಿಂದಲೇ ಕುಷ್ಟಗಿಯ ವಿದ್ಯಾರ್ಥಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯಿದೆ, ಇಳಕಲ್ಲಿನ ವಿದ್ಯಾರ್ಥಿಗಿಲ್ಲ. ಇದನ್ನು ಕಂಡು ಅಸೂಯೆಪಡುವ ಯುವಕನಿಗೆ ಹಿರಿಯರು ಒಂದು ಮಾತು ಹೇಳಲಿ: ನಿನ್ನ ಅಜ್ಜನಿಗೆ ಸಿಕ್ಕ ಅಕ್ಷರ ಅವನ ಅಜ್ಜನಿಗೆ ಸಿಕ್ಕಿರಲಿಲ್ಲ, ಆ ಬಾಕಿಯೇ ಈಗ ತೀರುತ್ತಿದೆ.

ನಮ್ಮವರ ತಪ್ಪನ್ನು ತಪ್ಪೆನ್ನುವ, ಪರರ ಒಳಿತನ್ನು ಒಳಿತೆನ್ನುವ ಹೃದಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.