ಅಡೀನಿಯಂ: ಯೆಮನ್ನಿನ ಹೂವು, ಮುಂಬಯಿಯ ಕುಂಡ

ಮುಂಬಯಿಯ ನರ್ಸರಿಗಳಲ್ಲಿ ಅಡೀನಿಯಂ ನೋಡಿಯೇ ಇರುತ್ತೀರಿ. ಗಡಿಗೆಯಂತೆ ಉಬ್ಬಿದ ಬುಡ, ಮೇಲೆ ನಾಲ್ಕು ಕೊಂಬೆ, ತುದಿಯಲ್ಲಿ ಗುಲಾಬಿ ಬಣ್ಣದ ಹೂಗೊಂಚಲು. ಮರುಭೂಮಿಯ ಗುಲಾಬಿ ಅಂತ ಮಾರುತ್ತಾರೆ. ಗುಲಾಬಿಗೂ ಇದಕ್ಕೂ ನಂಟೇ ಇಲ್ಲ; ಇದು ನಮ್ಮ ಕಣಗಿಲೆಯ ದಾಯಾದಿ.

ಇದನ್ನು ಮೊದಲು ವಿವರಿಸಿದವನು ಪೇರ್ ಫಾರ್ಸ್‌ಕೋಲ್, ಲಿನೇಯಸ್‌ನ ಶಿಷ್ಯ. ಬರೀ ಗಿಡ ಹುಡುಕುವ ಆಸಾಮಿಯಲ್ಲ. 1759ರಲ್ಲಿ ಪೌರಸ್ವಾತಂತ್ರ್ಯದ ಬಗ್ಗೆ ಒಂದು ಕಿರುಹೊತ್ತಗೆ ಬರೆದು ಸ್ವೀಡನ್ ಸರಕಾರದ ಕೆಂಗಣ್ಣಿಗೆ ಗುರಿಯಾಗಿದ್ದ. 1761ರಲ್ಲಿ ಡೆನ್ಮಾರ್ಕಿನ ರಾಜ ಐದನೇ ಫ್ರೆಡರಿಕ್ ಅರೇಬಿಯಾಕ್ಕೆ ಕಳಿಸಿದ ಆರು ಜನರ ತಂಡದಲ್ಲಿ ಇವನೂ ಇದ್ದ. ಯೆಮನ್ನಿನ ಬೆಟ್ಟಗಳನ್ನು ಸುತ್ತಿ ಗಿಡಗಳ ಟಿಪ್ಪಣಿ ಮಾಡಿಕೊಂಡ. 1763ರ ಜುಲೈನಲ್ಲಿ ಯರೀಮ್ ಎಂಬ ಊರಲ್ಲಿ ಮಲೇರಿಯಾಕ್ಕೆ ಬಲಿಯಾದ. ವಯಸ್ಸು ಬರೀ 31.

ಬದುಕುಳಿದವರು ಮೋಖಾ ಬಂದರಿನಲ್ಲಿ ಹಡಗು ಹತ್ತಿದ್ದು ಎಲ್ಲಿಗೆ ಗೊತ್ತೇ? ನಮ್ಮ ಮುಂಬಯಿಗೆ! ದಾರಿಯಲ್ಲೇ ಇಬ್ಬರು ಸತ್ತರು. ವೈದ್ಯ ಕ್ರಾಮರ್ 1764ರಲ್ಲಿ ಇಲ್ಲೇ ತೀರಿಕೊಂಡ. ಉಳಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಮುಂಬಯಿಯಲ್ಲಿದ್ದಾಗ ಆತ ಎಲಿಫೆಂಟಾ ಗುಹೆಗಳನ್ನೂ ಅಳೆದು ಚಿತ್ರ ಬರೆದ. ಊರಿಗೆ ಮರಳಿ, 1775ರಲ್ಲಿ ಸತ್ತ ಸಂಗಾತಿಯ ಟಿಪ್ಪಣಿಗಳನ್ನು ಅಚ್ಚು ಹಾಕಿಸಿದ. ಅವನು ಆ ಕೆಲಸ ಮಾಡದಿದ್ದರೆ ಫಾರ್ಸ್‌ಕೋಲ್‌ನ ಶ್ರಮ ಯಾರಿಗೆ ನೆನಪಿರುತ್ತಿತ್ತು? ಆ ಪುಸ್ತಕದಲ್ಲಿ ನಮ್ಮ ಗಿಡದ ಹೆಸರು ನೀರಿಯಂ ಒಬೇಸಂ, ಅಂದರೆ ದಢೂತಿ ಕಣಗಿಲೆ! 1819ರಲ್ಲಿ ಕಣಗಿಲೆಯಿಂದ ಬೇರೆ ಮಾಡಿ ಅಡೀನಿಯಂ ಎಂದರು. ಏಡನ್ ಊರಿನಿಂದ ಬಂದ ಹೆಸರು. ಆ ಏಡನ್ ಕೂಡ 1839ರಿಂದ 1932ರವರೆಗೆ ಮುಂಬಯಿ ಪ್ರೆಸಿಡೆನ್ಸಿಯ ಕೈಕೆಳಗೇ ಇತ್ತು.

ಇನ್ನು ಬೆಳೆಸುವ ವಿಚಾರ. ಬಿಸಿಲು ಎಷ್ಟಿದ್ದರೂ ಸೈ, ಈ ಊರಿನ ಮಳೆಯೇ ಇದಕ್ಕೆ ಶತ್ರು. ಜೂನ್ ಬಂತೆಂದರೆ ಸೂರಿನಡಿಗೆ ಸರಿಸಿ, ನೀರು ಕಡಿಮೆ ಮಾಡಿ. ಮಣ್ಣಿಗಿಂತ ದಪ್ಪ ಮರಳು, ಇಟ್ಟಿಗೆ ಚೂರು ಹೆಚ್ಚಿರಲಿ. ಹಾಕಿದ ನೀರು ಕೂಡಲೇ ಇಳಿದುಹೋಗಬೇಕು. ಬುಡ ಮುಟ್ಟಿದರೆ ಮೆತ್ತಗಾಗಿದೆಯೇ? ಕೊಳೆತಿದೆ ಎಂದರ್ಥ. ಕುಂಡದಿಂದ ಕಿತ್ತು, ಕೊಳೆತದ್ದನ್ನು ಗಟ್ಟಿ ಭಾಗ ಸಿಗುವವರೆಗೂ ಕೊಯ್ದು, ಗಾಯ ಪೂರ್ತಿ ಒಣಗಿದ ಮೇಲೆ ಮತ್ತೆ ನೆಡಿ. ದಪ್ಪ ಬುಡದ ಆಸೆಯಿದ್ದರೆ ಬೀಜದಿಂದ ಬೆಳೆಸಿ. ಕಡ್ಡಿ ನೆಟ್ಟ ಗಿಡಕ್ಕೆ ಆ ಹೊಟ್ಟೆ ಅಷ್ಟಾಗಿ ಬರುವುದಿಲ್ಲ. ಕೊಂಬೆ ಸವರಿದ ಮೇಲೆ ಕೈ ತೊಳೆಯಲು ಮರೆಯಬೇಡಿ. ಇದರ ಹಾಲು ವಿಷ. ಆಫ್ರಿಕದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದದ್ದು ಇದನ್ನೇ.