ನೈಟ್ರಿಕ್: ಲವಣದ ಹೆಸರು ಮಿದುಳಿಗೆ ಬಂದ ಬಗೆ

ನೈಟ್ರಿಕ್

ದಂತವೈದ್ಯರು ಬಳಸುವ ನಗೆ ಅನಿಲ ನೈಟ್ರಸ್ ಆಕ್ಸೈಡ್‌ನೊಡನೆ ಆಗಾಗ ಅದಲುಬದಲಾಗುವ ‘ನೈಟ್ರಿಕ್ ಆಕ್ಸೈಡ್’ ಬೇರೆಯೇ ವಸ್ತು. ಇದರ ಮೊದಲ ಪದವು ಪ್ರಾಚೀನ ಈಜಿಪ್ಟಿನವರು ಶವಗಳನ್ನು ಒಣಗಿಸಲು ಹೊದಿಸುತ್ತಿದ್ದ ಸೋಡಾ ಲವಣದ ಹೆಸರಿನಿಂದ ಹೊರಟು, ಗ್ರೀಕಿನಲ್ಲಿ ‘ನಿಟ್ರಾನ್’ ಆಗಿ, ಮುಂದೆ ಯುರೋಪಿನಲ್ಲಿ ಸಿಡಿಮದ್ದಿನ ಪೆಟ್ಲುಪ್ಪಿಗೆ ಅಂಟಿಕೊಂಡಿತು. 1790ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶಾಪ್ತಾಲ್ ‘ಪೆಟ್ಲುಪ್ಪನ್ನು ಹುಟ್ಟಿಸುವುದು’ ಎಂಬರ್ಥದಲ್ಲಿ ಹೆಸರಿಸಿದ ನೈಟ್ರೋಜನ್ ಕನ್ನಡದಲ್ಲಿ ‘ಸಾರಜನಕ’ವಾದಾಗ, ಆ ಹುಟ್ಟಿಸುವ ಅರ್ಥ ‘ಜನಕ’ದಲ್ಲಿ ಸೊಗಸಾಗಿ ಉಳಿಯಿತು. ಇದೇ ಲವಣದ ಹೆಸರನ್ನು ಹೊತ್ತ ನೈಟ್ರಿಕ್ ಆಕ್ಸೈಡನ್ನು ಮಿದುಳಿನ ಕೆಲವು ನರಕೋಶಗಳು ಆರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ತಯಾರಿಸುತ್ತವೆ. ಅದು ಕೋಶಪೊರೆಯನ್ನು ತಡೆಯಿಲ್ಲದೆ ದಾಟಿ ನೆರೆಕೋಶಕ್ಕೆ ಸಂದೇಶ ಮುಟ್ಟಿಸಿ ರಕ್ತನಾಳವನ್ನು ಹಿಗ್ಗಿಸುತ್ತದೆಯಾದರೂ, ಪಾರ್ಶ್ವವಾಯುವಿನಲ್ಲಿ ಮಿತಿಮೀರಿದಾಗ ಆಮ್ಲಜನಕದ ಒಂದು ಕ್ರಿಯಾಶೀಲ ರೂಪವಾದ ಸೂಪರಾಕ್ಸೈಡ್‌ನೊಡನೆ ಕೂಡಿ, ನರಕೋಶಗಳನ್ನು ಹಾಳುಗೆಡಹುವ ಪೆರಾಕ್ಸಿನೈಟ್ರೈಟ್ ಆಗುತ್ತದೆ.